ಆ ಜಾಡಿಯನ್ನು ಚೆಲ್ಲಿಬಿಡು

ಹುಬ್ಬಳ್ಳಿ
ಕಾರ್ತಿಕ ಬಹುಳ ದಶಮಿ

ಚಿರಂಜೀವಿ ಅಳಿಯನಿಗೆ ನಿನ್ನ ಸೋದರತ್ತೆ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಮೆಣಸಿನಕಾಯಿ ಸಾಸಿನ ಜಾಡಿಗೆ ಬೂಷ್ಟು ಹಿಡಿದದ್ದನ್ನು ತೋರಿಸಿ ನೀನು ಮೊಬೈಲಿಗೆ ಕಳುಹಿಸಿದ ಮೂರು ಫೋಟೊಗಳನ್ನು ಕನ್ನಡಕ ಹಾಕಿಕೊಂಡು, ದೊಡ್ಡದು ಮಾಡಿ ನೋಡಿದೆ. ಫೋನಿನಲ್ಲಿ ನಾಲ್ಕು ಮಾತಿಗೆ ಮುಗಿಯುವ ವಿಷಯ ಇದಲ್ಲವೆಂದು ಕಾಗದ ಹಿಡಿದು ಕುಳಿತಿದ್ದೇನೆ. ಕಾಗದ ತಲುಪುವವರೆಗೆ ಕಾಯಬಾರದ ಒಂದು ಮಾತನ್ನು ನಿನ್ನೆ ರಾತ್ರಿಯೇ ಫೋನಿನಲ್ಲಿ ಹೇಳಿದ್ದೇನೆ, ಇಲ್ಲಿ ಮತ್ತೊಮ್ಮೆ ಬರೆಯುತ್ತೇನೆ. ಆ ಜಾಡಿಯನ್ನು ಚೆಲ್ಲಿಬಿಡು. ಮೇಲಿನ ಬೂಷ್ಟನ್ನು ಚಮಚದಿಂದ ತೆಗೆದು ಕೆಳಗಿನದನ್ನು ಉಳಿಸಿಕೊಳ್ಳುತ್ತೇನೆ ಎಂದೆಯಲ್ಲ, ಬೇಡ. ಕಚೇರಿಯ ಗೆಳೆಯರಿಗೆ ಕೊಟ್ಟ ಎರಡು ಶೀಶೆಗಳನ್ನೂ ವಾಪಸು ತರಿಸಿಕೋ. ನಾಚಿಕೆಯಾದರೂ ತರಿಸಿಕೋ.

ತಾರಸಿಯ ಮೇಲೆ ಎಂಟು ಕುಂಡಗಳಲ್ಲಿ ಮೆಣಸಿನ ಗಿಡ ಬೆಳೆಸಿ, ಹಣ್ಣಾಗುವವರೆಗೆ ಕಾದು, ನಮ್ಮ ಕಡೆಯ ಕೆಂಪು ಮೆಣಸಿನಕಾಯಿ ಚಟ್ನಿ ರಂಜಕದಂಥ ಸಾಸ್ ಮಾಡಬೇಕೆಂದು ಹೊರಟ ನಿನ್ನ ಆಸೆ ನನಗೆ ಬಹಳ ಹಿಡಿಸಿತು. ನಿನ್ನ ಅಪ್ಪ ಊಟಕ್ಕೆ ಕುಳಿತಾಗ ತಾಟಿನ ಅಂಚಿನಲ್ಲಿ ರಂಜಕ ಇಲ್ಲದಿದ್ದರೆ ರೊಟ್ಟಿ ಮುರಿಯುತ್ತಿರಲಿಲ್ಲ. ಆ ರುಚಿಯನ್ನು ನೀನು ಬೆಂಗಳೂರಿನಲ್ಲಿ ಕುಳಿತು ನೆನೆಸಿಕೊಂಡದ್ದು ನನ್ನ ಅವ್ವನಿಗೆ, ಅಂದರೆ ನಿನ್ನ ಅಜ್ಜಿಗೆ, ಗೊತ್ತಾಗಿದ್ದರೆ ಕಣ್ಣು ತುಂಬಿ ಬರುತ್ತಿತ್ತು. ಆದ್ದರಿಂದಲೇ ತಪ್ಪು ಎಲ್ಲಿ ಆಯಿತೆಂದು ಬಿಡಿಸಿ ಹೇಳಬೇಕು. ಇಲ್ಲದಿದ್ದರೆ ನೀನು ಮತ್ತೆ ಅದನ್ನೇ ಮಾಡುತ್ತೀಯೆ, ಇಲ್ಲವೇ ಬೇಸತ್ತು ಬಿಟ್ಟುಬಿಡುತ್ತೀಯೆ. ಎರಡೂ ನನಗೆ ಬೇಡ.

ನೀನು ಬರೆದದ್ದನ್ನು ಓದಿದಾಗ ನನಗೆ ಹೊಳೆದದ್ದು ಇಷ್ಟು. ಉಪ್ಪಿನ ಲೆಕ್ಕವನ್ನು ವಿಡಿಯೊ ನೋಡಿ ತೆಗೆದುಕೊಂಡೆ, ಕಿಲೋ ಕಾಯಿಗೆ ಇಪ್ಪತ್ತು ಗ್ರಾಂ. ಇಡುವ ರೀತಿಯನ್ನು ಮಾತ್ರ ಅಜ್ಜಿಯ ನೆನಪಿನಿಂದ ತೆಗೆದುಕೊಂಡೆ. ಪಿಂಗಾಣಿ ಜಾಡಿ, ಬಾಯಿಗೆ ಬಟ್ಟೆ ಕಟ್ಟಿ ಅಡುಗೆಮನೆಯ ಮೂಲೆಯಲ್ಲಿ. ಇವು ಎರಡು ಬೇರೆ ಬೇರೆ ವಿದ್ಯೆಗಳು. ಅವ್ವನ ಜಾಡಿ ಬಟ್ಟೆಯ ಹೊದಿಕೆಯಲ್ಲೇ ವರ್ಷ ಕಳೆಯುತ್ತಿದ್ದದ್ದು ಅದರೊಳಗಿನ ಉಪ್ಪಿನ ಬಲದಿಂದ. ವಿಡಿಯೊದವನ ಇಪ್ಪತ್ತು ಗ್ರಾಂ ಸಾಕಾಗುವುದು ಗಾಳಿ ಹೊಗದಂತೆ ಮುಚ್ಚಿದ ಗಾಜಿನ ಭರಣಿಯಲ್ಲಿ, ಅದೂ ಕಾಯಿಯೆಲ್ಲ ಉಪ್ಪುನೀರಿನ ಕೆಳಗೆ ಮುಳುಗಿದ್ದರೆ. ನೀನು ಕಡಿಮೆ ಉಪ್ಪನ್ನು ತೆರೆದ ಜಾಡಿಗೆ ಹಾಕಿದೆ. ಬೂಷ್ಟಿಗೆ ಬೇಕಾದ ಗಾಳಿಯೂ ಸಿಕ್ಕಿತು, ತಡೆಯಬೇಕಾದ ಉಪ್ಪೂ ಇರಲಿಲ್ಲ.

ಇದನ್ನು ನಾನು ಬಲ್ಲೆ, ಏಕೆಂದರೆ ನಾನೂ ಇದನ್ನೇ ಮಾಡಿದ್ದೇನೆ. ನಿನ್ನ ಮಾವನಿಗೆ ಮೊದಲ ಸಲ ರಕ್ತದೊತ್ತಡ ಕಾಣಿಸಿಕೊಂಡ ವರ್ಷ, ವೈದ್ಯರು ಉಪ್ಪು ಕಡಿಮೆ ಮಾಡಿರೆಂದರು. ರಂಜಕವಿಲ್ಲದೆ ಅವರಿಗೆ ಊಟ ಸೇರದು. ಕಿಲೋಗೆ ಮೂರು ಹಿಡಿ ಹಾಕುವಲ್ಲಿ ಒಂದೇ ಹಿಡಿ ಉಪ್ಪು ಹಾಕಿ ಜಾಡಿ ತುಂಬಿದೆ, ಬಟ್ಟೆ ಕಟ್ಟಿದೆ, ಪುಣ್ಯ ಮಾಡಿದೆನೆಂದು ತಿಳಿದೆ. ಮೂರನೆಯ ವಾರ ಮೇಲೆಲ್ಲ ಹಸಿರು ಬೂಷ್ಟು. ಎರಡು ಕಿಲೋ ಕಾಯಿ, ಕೈ ಉರಿಸಿಕೊಂಡು ಕುಟ್ಟಿದ್ದು, ಚೆಲ್ಲಲು ಮನಸ್ಸು ಬರಲಿಲ್ಲ. ಮೇಲಿನದನ್ನು ಕೆರೆದು ತೆಗೆದೆ, ಲಿಂಬೆಹುಳಿ ಹಿಂಡಿದೆ, ಇಂಗಿನ ಒಗ್ಗರಣೆ ಕೊಟ್ಟು ಬಡಿಸಿದೆ. ಅವರಿಬ್ಬರೂ, ನಿನ್ನ ಮಾವ ಮತ್ತು ನನ್ನ ಮಗಳು, ಆ ರಾತ್ರಿಯಿಂದ ಎರಡು ದಿನ ವಾಂತಿಯಿಂದ ಮೇಲೇಳಲಿಲ್ಲ. ಮಗಳಿಗೆ ಆಗ ಒಂಬತ್ತು ವರ್ಷ. ಅವಳ ತಲೆ ಹಿಡಿದು ಬಚ್ಚಲಲ್ಲಿ ನಿಂತದ್ದು ಇಂದಿಗೂ ನೆನಪಿದೆ.

ಬೂಷ್ಟಿನ ಬೇರು ಕಣ್ಣಿಗೆ ಕಾಣುವಷ್ಟರಲ್ಲೇ ನಿಲ್ಲುವುದಿಲ್ಲ, ಒಳಗೆ ಇಳಿದಿರುತ್ತದೆ. ಇನ್ನೊಂದು ಸಂಗತಿಯನ್ನು ನಾನು ಆಮೇಲೆ ಓದಿ ತಿಳಿದೆ. ಬೂಷ್ಟು ಹುಳಿಯನ್ನು ತಿಂದು ಬದುಕಬಲ್ಲದು. ಹುಳಿ ಕರಗಿದ ಜಾಗದಲ್ಲಿ, ಹುಳಿ ಇದ್ದಾಗ ತಲೆಯೆತ್ತಲಾರದ ಕ್ರಿಮಿಗಳಿಗೆ ದಾರಿಯಾಗುತ್ತದೆ. ಆದ್ದರಿಂದ ಮೇಲೆ ಮತ್ತಷ್ಟು ಲಿಂಬೆ ಹಿಂಡಿ ಸರಿಮಾಡುವ ಕೆಲಸ ಅದಲ್ಲ. ಆದರೆ ಬಿಳಿಯ ಎಲ್ಲ ಪದರವೂ ಬೂಷ್ಟಲ್ಲ. ಹಾಲಿನ ಕೆನೆಯಂತೆ ತೆಳ್ಳಗೆ, ಚಪ್ಪಟೆಯಾಗಿ, ಸುಕ್ಕುಸುಕ್ಕಾಗಿ ಹರಡಿದರೆ ಅದು ಒಂದು ಬಗೆಯ ಯೀಸ್ಟ್, ತೆಗೆದುಹಾಕಿ ಮುಂದುವರಿಯಬಹುದು. ಹತ್ತಿಯಂತೆ ನವಿರುನವಿರಾಗಿ ಎದ್ದಿದ್ದರೆ, ಹಸಿರು, ಕಪ್ಪು, ಗುಲಾಬಿ ಯಾವ ಬಣ್ಣವೇ ಇರಲಿ, ಜಾಡಿ ಪೂರ್ತಿ ಹೊರಗೆ. ನಿನ್ನ ಫೋಟೊದಲ್ಲಿದ್ದದ್ದು ಎರಡನೆಯದು.

ಅಂದಿನಿಂದ ನಾನು ತಕ್ಕಡಿಯಿಲ್ಲದೆ ರಂಜಕಕ್ಕೆ ಕುಳಿತಿಲ್ಲ. ಅವ್ವನಿಗೆ ತಕ್ಕಡಿ ಬೇಕಿರಲಿಲ್ಲ, ಕಿಲೋಗೆ ಮೂರು ಹಿಡಿ ಎಂದರೆ ಮೂರು ಹಿಡಿ. ಆ ಹಿಡಿಯ ಹಿಂದೆ ಐವತ್ತು ಚಳಿಗಾಲಗಳಿದ್ದವು. ಒಂದು ದಿನ ನನ್ನ ಹಿಡಿಯನ್ನು ತೂಗಿ ನೋಡಿದೆ, ಐವತ್ತು ಗ್ರಾಂ ಬಂತು. ಅಂದರೆ ಅವ್ವನ ಲೆಕ್ಕ ಕಿಲೋಗೆ ನೂರೈವತ್ತು ಗ್ರಾಂ. ನಿನ್ನ ಕೈ ನನ್ನ ಕೈಗಿಂತ ದೊಡ್ಡದು, ನೀನು ಹಿಡಿಯ ಲೆಕ್ಕಕ್ಕೆ ಹೋಗಬೇಡ. ಅಂದಾಜು ಎನ್ನುವುದು ಕೈಗೆ ಬರುವವರೆಗೆ ಗ್ರಾಂ ಲೆಕ್ಕವೇ ಇರಲಿ.

ಈಗ ನಮ್ಮ ರಂಜಕದ ರೀತಿ ಹೇಳುತ್ತೇನೆ. ಕಾಯಿ ಹಣ್ಣಾಗಿ ಕೆಂಪಗಿರಬೇಕು, ಆದರೆ ಬಾಡಿರಬಾರದು. ನಮ್ಮ ಕಡೆ ಎರೆಹೊಲದ ಬ್ಯಾಡಗಿ ಕಾಯಿಯನ್ನೇ ಹೆಚ್ಚು ಹಾಕುತ್ತೇವೆ, ಮೂರು ಪಾಲು ಬ್ಯಾಡಗಿಗೆ ಒಂದು ಪಾಲು ಗುಂಟೂರು. ಬ್ಯಾಡಗಿಗೆ 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದ್ದು ಅದರ ಖಾರಕ್ಕಲ್ಲ, ಬಣ್ಣಕ್ಕೆ ಮತ್ತು ಪರಿಮಳಕ್ಕೆ ಹೆಸರಾದದ್ದರಿಂದ. ಲೋಕಕ್ಕೆಲ್ಲ ಅದು ಒಣಗಿ ಸುಕ್ಕುಗಟ್ಟಿದ ಮೇಲೆಯೇ ಪರಿಚಯ. ಹಸಿಯಾಗಿದ್ದಾಗಿನ ಅದರ ಸಿಹಿವಾಸನೆ ಹಾವೇರಿ, ಧಾರವಾಡ, ಗದಗದ ಮನೆಗಳಿಗೆ ಮಾತ್ರ ಗೊತ್ತು.

ಕಾಯಿಯನ್ನು ತೊಟ್ಟು ಇರುವಾಗಲೇ ತೊಳೆ. ಇದು ಬಹಳ ಮುಖ್ಯ. ತೊಟ್ಟು ಕಿತ್ತು ತೊಳೆದರೆ ನೀರು ಒಳಗೆ ಹೊಕ್ಕು ಕುಳಿತುಬಿಡುತ್ತದೆ, ಆಮೇಲೆ ಎಷ್ಟು ಒರೆಸಿದರೂ ಬರುವುದಿಲ್ಲ. ತೊಳೆದು, ಒಂದೊಂದನ್ನೇ ಒರೆಸಿ, ಹಳೆಯ ಪಂಚೆಯ ಮೇಲೆ ನೆರಳಲ್ಲಿ ಒಂದು ರಾತ್ರಿ ಹರವು. ಮರುದಿನ ತೊಟ್ಟು ಬಿಡಿಸು, ಮೆತ್ತಗಾದದ್ದನ್ನು, ತೂತಾದದ್ದನ್ನು ಆರಿಸಿ ತೆಗೆ. ತೂಕ ಮಾಡುವುದು ಈಗ, ತೊಟ್ಟು ಬಿಡಿಸಿದ ಮೇಲೆ. ಉಪ್ಪನ್ನು ಬಾಣಲೆಯಲ್ಲಿ ಬೆಚ್ಚಗೆ ಹುರಿದು ಆರಿಸಿ ಹಾಕು. ಒರಳಿನಲ್ಲಿ ಆದರೆ ಒಳ್ಳೆಯದು, ಇಲ್ಲದಿದ್ದರೆ ಮಿಕ್ಸಿಯಲ್ಲಿ ಬಿಟ್ಟುಬಿಟ್ಟು ತಿರುಗಿಸು, ಕಾಯಿ ಬಿಸಿಯಾಗಬಾರದು. ತರಿತರಿಯಾಗಿ ಜಜ್ಜಿದ್ದನ್ನು ಜಾಡಿಗೆ ಒತ್ತಿ ತುಂಬಿ, ಮೇಲೆ ಒಂದು ಚಮಚ ಉಪ್ಪು ಉದುರಿಸಿ ಬಟ್ಟೆ ಕಟ್ಟು. ಮೂರು ದಿನಕ್ಕೊಮ್ಮೆ ಒಣ ಕಟ್ಟಿಗೆಯ ಸೌಟಿನಿಂದ ತಿರುವಿಹಾಕು. ಎಂಟು ಹತ್ತು ದಿನಕ್ಕೆ ಹಸಿವಾಸನೆ ಹೋಗುತ್ತದೆ. ಆಗ ಕಿಲೋಗೆ ಹನ್ನೆರಡು ಲಿಂಬೆಹಣ್ಣಿನ ರಸ, ಹುರಿದ ಮೆಂತ್ಯದ ಪುಡಿ ಎರಡು ಚಮಚ, ಇಂಗು, ಸುಲಿದ ಬೆಳ್ಳುಳ್ಳಿ, ಸಣ್ಣ ತುಂಡು ಬೆಲ್ಲ ಸೇರಿಸಿ ನುಣ್ಣಗೆ ರುಬ್ಬು. ಒಗ್ಗರಣೆಯನ್ನು ಜಾಡಿಗೆ ಹಾಕಬೇಡ. ಊಟಕ್ಕೆ ಬೇಕಾದಷ್ಟನ್ನು ಬಟ್ಟಲಿಗೆ ತೆಗೆದುಕೊಂಡು ಅದಕ್ಕೆ ಮಾತ್ರ ಶೇಂಗಾ ಎಣ್ಣೆಯ ಒಗ್ಗರಣೆ. ಜೋಳದ ರೊಟ್ಟಿ, ಗಟ್ಟಿ ಮೊಸರು, ಅದರ ಪಕ್ಕದಲ್ಲಿ ಗೋಲಿಯಷ್ಟು ರಂಜಕ. ಅಷ್ಟು ಉಪ್ಪಿರುವ ಪದಾರ್ಥವನ್ನು ಅಷ್ಟೇ ತಿನ್ನುವುದು. ಅದನ್ನು ಸಾಸಿನಂತೆ ಸುರಿದುಕೊಳ್ಳುವುದಕ್ಕಲ್ಲ.

ನಿನಗೆ ಸುರಿದುಕೊಳ್ಳುವ ಸಾಸೇ ಬೇಕೆಂದರೆ ಎರಡನೆಯ ವಿದ್ಯೆಯನ್ನು ಪೂರ್ತಿಯಾಗಿ ಹಿಡಿ. ವಿಡಿಯೊದವನ ಇಪ್ಪತ್ತು ಗ್ರಾಂ ತೀರ ಅಂಚಿನ ಲೆಕ್ಕ, ನೀನು ಕಿಲೋ ಕಾಯಿಗೆ ಮೂವತ್ತು ಗ್ರಾಂ ಉಪ್ಪು ಹಾಕು, ಅದಕ್ಕಿಂತ ಇಳಿಯಬೇಡ. ಗಾಜಿನ ಭರಣಿಯಲ್ಲಿ ಕಾಲುಭಾಗ ಖಾಲಿ ಬಿಟ್ಟು ತುಂಬು. ಕಾಯಿ ಮೇಲೆ ತೇಲದಂತೆ ಉಪ್ಪುನೀರು ತುಂಬಿದ ಚಿಕ್ಕ ಪ್ಲಾಸ್ಟಿಕ್ ಚೀಲವನ್ನು ಭಾರವಾಗಿ ಇಡು, ಚೀಲ ಒಡೆದರೂ ನೀರು ಉಪ್ಪಿನದೇ ಆಗಿರುತ್ತದೆ. ಮುಚ್ಚಳ ಬಿಗಿ ಮಾಡು. ಇಡ್ಲಿಹಿಟ್ಟು ಉಬ್ಬುವಂತೆ ಇದೂ ಉಬ್ಬುತ್ತದೆ, ಹುಳಿ ಮಾಡುವ ಸೂಕ್ಷ್ಮಜೀವಿಗಳು ಗಾಳಿ ಬಿಡುತ್ತವೆ. ಮೊದಲ ವಾರ ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಆ ಗಾಳಿಯನ್ನು ಹೊರಗೆ ಬಿಡು, ಮತ್ತೆ ಬಿಗಿ ಮಾಡು. ನಿನ್ನ ಊರಿನ ಹವೆ ಇದಕ್ಕೆ ನಮ್ಮ ಹವೆಗಿಂತ ಒಳ್ಳೆಯದು. ಎರಡು ಮೂರು ವಾರಕ್ಕೆ ಗುಳ್ಳೆ ನಿಂತು ಹುಳಿವಾಸನೆ ಬರುತ್ತದೆ. ಆಗ ಕಿಲೋಗೆ ಇನ್ನೂರು ಮಿಲಿಲೀಟರ್ ವಿನೆಗರ್ ಹಾಕಿ ರುಬ್ಬಿ ಸೋಸು.

ಹುಳಿ ಸಾಕೇ ಎಂದು ನಾಲಿಗೆಯನ್ನು ಕೇಳಬೇಡ, ಖಾರ ತಾಕಿದ ನಾಲಿಗೆಗೆ ಹುಳಿ ತಿಳಿಯುವುದಿಲ್ಲ. ಪಿಎಚ್ ನೋಡಬೇಕು, ಅದು ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. 4.6ರ ಕೆಳಗೆ ಬೊಟುಲಿಸಂ ಎಂಬ ಪ್ರಾಣಕ್ಕೆ ಕುತ್ತಾಗುವ ಆಹಾರವಿಷಬಾಧೆ ತರುವ ಕ್ರಿಮಿ ಬೆಳೆಯಲಾರದು. ಅಂಚಿನಲ್ಲಿ ನಿಲ್ಲದೆ 4ರ ಕೆಳಗೆ ಇಳಿಸು. ಕಾಗದದ ಪಟ್ಟಿಗೆ ಮೆಣಸಿನ ಕೆಂಪು ಹತ್ತಿ ಓದಲು ಬರುವುದಿಲ್ಲವಾದ್ದರಿಂದ ಚಿಕ್ಕ ಮೀಟರ್ ಕೊಂಡುಕೋ. ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ, ಬಿಸಿಯಾಗಿದ್ದಾಗಲೇ ಕುದಿನೀರಿನಲ್ಲಿ ಅದ್ದಿದ ಶೀಶೆಗೆ ತುಂಬು. ಕುದಿಸುವಾಗ ಕಿಟಕಿ ತೆರೆದಿರಲಿ, ಆ ಹಬೆ ಎದೆಗೆ ಕೂರುತ್ತದೆ. ಮತ್ತೆ, ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವ ಕೆಲಸವನ್ನು ಯಾವತ್ತೂ ಮಾಡಬೇಡ. ಗಾಳಿಯಿಲ್ಲದ, ಹುಳಿಯಿಲ್ಲದ ಆ ಜಾಗವೇ ನಾನು ಹೇಳಿದ ಕ್ರಿಮಿಗೆ ತವರು.

ನಿನ್ನ ಸಂದೇಶದಲ್ಲಿ ನನಗೆ ಹಿಡಿಸದ ಒಂದು ಮಾತಿತ್ತು. "ತಿಂದವರೆಲ್ಲ ಅತ್ತರು ಅತ್ತೆ" ಎಂದು ಹೆಮ್ಮೆಯಿಂದ ಬರೆದಿದ್ದೆ. ಬೆಂಕಿಯ ಬಿಸಿಗೆ ಎಚ್ಚರಿಸುವ ನರದ ಬಾಗಿಲನ್ನೇ ಮೆಣಸಿನಕಾಯಿ ತಟ್ಟುತ್ತದೆ, ಅದನ್ನು ಕಂಡುಹಿಡಿದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಅಂದರೆ ಖಾರ ರುಚಿಯಲ್ಲ, ನೋವು. ಅಡುಗೆ ಮಾಡುವವರು ನೋವನ್ನು ಉಪ್ಪಿನಷ್ಟೇ ಲೆಕ್ಕದಲ್ಲಿ ಬಡಿಸಬೇಕು. ಸೂಜಿಮೆಣಸನ್ನೇ ರುಬ್ಬಿ ಅಳಿಸುವುದು ಯಾರಿಗೂ ಸಾಧ್ಯ. ಖಾರದ ಬಹುಪಾಲು ಇರುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ. ಅದನ್ನು ಅರ್ಧ ಕಾಯಿಗಳಿಂದ ತೆಗೆದುಹಾಕಿ ನೋಡು, ಹಣ್ಣಿನ ಸಿಹಿ ಮೇಲೆ ಬರುತ್ತದೆ. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಈ ಕೆಲಸ ಮಾಡು, ಇಲ್ಲವೇ ಕೈಗವಸು ಹಾಕಿಕೋ. ಉರಿ ಹತ್ತಿದರೆ ಬರಿಯ ನೀರಿಗೆ ಹೋಗುವುದಿಲ್ಲ, ಎಣ್ಣೆ ತಿಕ್ಕಿ ಆಮೇಲೆ ಸೋಪು.

ಅವಸರವನ್ನೂ ಬಿಡು. ಅಮೆರಿಕದ ಟಬಾಸ್ಕೊ ಸಾಸನ್ನು ನೀನು ಮೆಚ್ಚಿ ಬರೆದಿದ್ದೆ. 1868ರಿಂದ ಲೂಯಿಸಿಯಾನಾದ ಏವರಿ ದ್ವೀಪದಲ್ಲಿ ಅದನ್ನು ಮಾಡುವವರು ಉಪ್ಪು ಬೆರೆಸಿದ ಕಾಯಿಯನ್ನು ಓಕ್ ಮರದ ಪೀಪಾಯಿಯಲ್ಲಿ ಮೂರು ವರ್ಷದವರೆಗೆ ಇಡುತ್ತಾರೆ. ಆ ಪೀಪಾಯಿಯ ಮುಚ್ಚಳದ ಮೇಲೆ ಉಪ್ಪಿನ ದಪ್ಪ ಪದರ ಹರಡುತ್ತಾರೆಂದು ಓದಿದಾಗ ನನಗೆ ಜಾಡಿಯ ಬಾಯಿಗೆ ಉಪ್ಪು ಉದುರಿಸುತ್ತಿದ್ದ ಅವ್ವ ನೆನಪಾದಳು. ನಿನಗೆ ಮೂರು ವರ್ಷ ಬೇಡ, ಮೂರು ವಾರ ಕಾದರೆ ಸಾಕು. ಮಾರುವ ಯೋಚನೆ ಇದ್ದರೆ ಅದಕ್ಕೆ ಮೊದಲು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಮಾಡಿಸು, ಸಣ್ಣ ವ್ಯಾಪಾರಕ್ಕೂ ಅದು ಬೇಕು. ನಾಲ್ಕು ಸಲ ಮಾಡಿ ನಾಲ್ಕೂ ಸಲ ಒಂದೇ ರೀತಿ ಬಂದ ಮೇಲೆ ಆ ಮಾತು.

ಸಂಕ್ರಾಂತಿ ಮುಗಿದ ವಾರ ಇಲ್ಲಿಗೆ ಬಾ. ಆ ಹೊತ್ತಿಗೆ ಹಣ್ಣುಗಾಯಿ ಸಂತೆಗೆ ಬಂದಿರುತ್ತದೆ, ಕುಂದಗೋಳದ ಕಡೆಯ ಪರಿಚಯದವರಿಗೆ ನಾಲ್ಕು ಕಿಲೋ ಹೇಳಿಟ್ಟಿದ್ದೇನೆ. ಎರಡು ಕಿಲೋ ಜಾಡಿಗೆ, ಎರಡು ಕಿಲೋ ಭರಣಿಗೆ. ನಿನ್ನ ತಕ್ಕಡಿ ಗ್ರಾಂ ಸರಿಯಾಗಿ ತೋರಿಸುವುದಾದರೆ ಅದನ್ನೇ ತಾ, ನನ್ನದರ ಮುಳ್ಳು ಈಚೆಗೆ ಅಂಟಿಕೊಳ್ಳುತ್ತಿದೆ. ಎರಡರ ಮೇಲೂ ಚೀಟಿ ಅಂಟಿಸಿ ದಿನಾಂಕವನ್ನೂ ಉಪ್ಪಿನ ತೂಕವನ್ನೂ ನೀನೇ ಬರೆಯಬೇಕು, ನನ್ನ ಅಕ್ಷರ ಈಗ ನಡುಗುತ್ತದೆ. ಜಾಡಿ ಚೆಲ್ಲಿದ ಮೇಲೆ, ಶೀಶೆಗಳು ವಾಪಸು ಬಂದ ಮೇಲೆ ಒಂದು ಫೋನು ಮಾಡು.

ಇಂತಿ ನಿನ್ನ
ಸೋದರತ್ತೆ