ಗಾಜಿನ ಗೋಡೆಯ ಕೆಳಗೆ ಬಿದ್ದ ಸುದ್ದಿ

ಪ್ರೀತಿಯ ತಂಗಿಗೆ,

ನಿನ್ನ ಪತ್ರ ಕೈಸೇರಿ ಹತ್ತು ದಿನವಾಯಿತು. ತಡವಾಯಿತು ಅಂತ ಬೇಸರ ಮಾಡಿಕೊಳ್ಳಬೇಡ. ಎರಡು ಸಲ ಓದಿ, ಸ್ವಲ್ಪ ಯೋಚಿಸಿ ಬರೆಯೋಣ ಅಂತ ಎತ್ತಿಟ್ಟುಕೊಂಡಿದ್ದೆ.

ಕಾಲೇಜು ಪತ್ರಿಕೆ ಸೇರಿ ಆರು ತಿಂಗಳಾದರೂ ಬರೀ ಸಭೆ ಸಮಾರಂಭದ ವರದಿಯನ್ನೇ ಬರೆಸುತ್ತಾರೆ, ಇದರಲ್ಲಿ ಪತ್ರಿಕೋದ್ಯಮ ಕಲಿಯುವುದು ಏನಿದೆ ಅಂತ ಕೇಳಿದ್ದೀಯ. ಬೆಳಿಗ್ಗೆ ಹಕ್ಕಿ ನೋಡಲು ಹೋಗುವುದನ್ನು ಬಿಟ್ಟು ಆ ಹೊತ್ತನ್ನೂ ಬರವಣಿಗೆಗೇ ಕೊಡಬೇಕಾ ಅಂತಲೂ ಕೇಳಿದ್ದೀಯ. ಎರಡನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಬಿಡಬೇಡ.

ಯಾಕೆ ಅಂತ ಹೇಳಲು ನಿನ್ನದೇ ಪತ್ರದ ಒಂದು ಸಾಲು ತೋರಿಸುತ್ತೇನೆ. ಮೂರನೆಯ ಪುಟದ ಕೊನೆಯಲ್ಲಿ, ಬೇರೇನೋ ಹೇಳುತ್ತಾ ಹೀಗೆ ಬರೆದಿದ್ದೀಯ: "ಮೊನ್ನೆ ಲೈಬ್ರರಿಯ ಗಾಜಿನ ಗೋಡೆ ಕೆಳಗೆ ಮತ್ತೊಂದು ಹಕ್ಕಿ ಸತ್ತು ಬಿದ್ದಿತ್ತು. ಎತ್ತಿ ಗಿಡದ ಬುಡದಲ್ಲಿಟ್ಟು ಕ್ಲಾಸಿಗೆ ಹೋದೆ."

ಆ "ಮತ್ತೊಂದು" ಅನ್ನುವ ಮಾತಿನ ಹತ್ತಿರ ನಾನು ನಿಂತುಬಿಟ್ಟೆ. ಮತ್ತೊಂದು ಅಂದರೆ ಹಿಂದೆಯೂ ಬಿದ್ದಿದ್ದವು. ಎಷ್ಟು? ಯಾವಾಗಿನಿಂದ? ಯಾವ ಜಾತಿಯವು? ಅದೇ ಗೋಡೆಯ ಕೆಳಗೇ ಯಾಕೆ? ನಿನಗೆ ಬಿಟ್ಟು ಇನ್ಯಾರಿಗೆ ಗೊತ್ತು? ಬರೆಯಲು ಸುದ್ದಿಯೇ ಸಿಗುತ್ತಿಲ್ಲ ಅಂತ ಪುಟಗಟ್ಟಲೆ ಕೊರಗಿದ್ದೀಯ. ಅದೇ ಸುದ್ದಿಯನ್ನು ಕೈಯಾರೆ ಎತ್ತಿ ಗಿಡದ ಬುಡದಲ್ಲಿಟ್ಟು ಹೋಗಿದ್ದೀಯ.

ಆ ದಾರಿಯಲ್ಲಿ ದಿನಕ್ಕೆ ನೂರಾರು ಮಂದಿ ಓಡಾಡುತ್ತಾರೆ, ಅಲ್ವಾ? ಅವರ ಕಣ್ಣಿಗೆ ಅದು ಬಿದ್ದಿಲ್ಲ. ಬಿದ್ದರೂ ಒಂದು ಸತ್ತ ಹಕ್ಕಿ, ಅಷ್ಟೇ. ಅದು ಯಾವ ಹಕ್ಕಿ, ಅಷ್ಟು ಕೆಳಗೆ ಅದಕ್ಕೇನು ಕೆಲಸ, ಹೋದ ವಾರ ಬಿದ್ದದ್ದೂ ಇದೇ ಜಾತಿಯದಾ ಅಂತ ಹೊಳೆದದ್ದು ನಿನಗೆ ಮಾತ್ರ. ಎರಡು ವರ್ಷ ಬೆಳಗಿನ ನಿದ್ದೆ ಬಿಟ್ಟು ಕಲಿತದ್ದು ಅದು. ಪರೀಕ್ಷೆಗೆ ಅಂತ ಕಲಿತದ್ದಲ್ಲ. ನಿನ್ನ ಜೊತೆಯವರಲ್ಲೂ ಹೀಗೆಯೇ ಇರುತ್ತದೆ. ಓಟದ ಹುಚ್ಚಿರುವ ಹುಡುಗನಿಗೆ ಮೈದಾನದ ಟ್ರ್ಯಾಕ್ ಎಲ್ಲಿ ಕುಸಿದಿದೆ ಅಂತ ಕಾಲಿಗೇ ಗೊತ್ತು. ಹಳೆಯ ರೇಡಿಯೊ ಬಿಚ್ಚಿ ಜೋಡಿಸುವ ಹುಡುಗಿಗೆ ಲ್ಯಾಬಿನ ಯಾವ ಉಪಕರಣ ಕೆಟ್ಟು ಎಷ್ಟು ದಿನವಾಯಿತು ಅಂತ ಗೊತ್ತು. ಕಾಲೇಜು ಪತ್ರಿಕೆಯ ಸಂಪಾದಕರು ಯಾರನ್ನಾದರೂ ತಂಡಕ್ಕೆ ಸೇರಿಸಿಕೊಳ್ಳುವಾಗ "ನೀನು ಬಿಡುವಿನಲ್ಲಿ ಏನು ಮಾಡುತ್ತೀಯ" ಅಂತ ಮೊದಲು ಕೇಳಬೇಕು ಅಂತ ನನ್ನ ಆಸೆ.

ಒಂದು ನಿಜವಾದ ಕಥೆ ಹೇಳುತ್ತೇನೆ. ಅಮೆರಿಕದ ಷಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿ ಹಕ್ಕಿಗಳ ಸಂಗ್ರಹ ನೋಡಿಕೊಳ್ಳುತ್ತಿದ್ದವರು ಡೇವಿಡ್ ವಿಲಾರ್ಡ್. 1978ರಲ್ಲಿ ಮಾತಿನ ಮಧ್ಯೆ ಯಾರೋ ಅವರಿಗೆ ಹೇಳಿದರು, ಸರೋವರದ ದಂಡೆಯ ಮೆಕಾರ್ಮಿಕ್ ಪ್ಲೇಸ್ ಕಟ್ಟಡಕ್ಕೆ ಹಕ್ಕಿಗಳು ಬಡಿಯುತ್ತವಂತೆ ಅಂತ. ನೋಡೋಣ ಅಂತ ಒಂದು ಬೆಳಿಗ್ಗೆ ಹೋದರು. ಒಂದೆರಡು ಸತ್ತ ಹಕ್ಕಿ ಸಿಕ್ಕವು. ಮತ್ತೆ ಹೋದರು. ಹಾಗೇ ದಶಕಗಳ ಕಾಲ, ವಲಸೆಯ ಋತು ಬಂದಾಗಲೆಲ್ಲ ಹೋಗುತ್ತಲೇ ಇದ್ದರು. ಸಿಕ್ಕ ಹಕ್ಕಿಯನ್ನೆಲ್ಲ ಅಳೆದು ಬರೆದಿಟ್ಟರು. 2019ರಲ್ಲಿ ಆ ಲೆಕ್ಕ ಸಂಶೋಧನಾ ಲೇಖನವಾಗಿ ಬಂತು. 1978ರಿಂದ 2016ರವರೆಗೆ ಷಿಕಾಗೋದ ಕಟ್ಟಡಗಳಿಗೆ ಬಡಿದು ಸತ್ತ 52 ಜಾತಿಯ 70,716 ಹಕ್ಕಿಗಳ ಲೆಕ್ಕ ಅದು. ಆ ಹಕ್ಕಿಗಳ ಮೈ ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತಾ ಬಂದಿದೆ, ರೆಕ್ಕೆ ಮಾತ್ರ ಸ್ವಲ್ಪ ಉದ್ದವಾಗಿದೆ ಅನ್ನುವುದು ಅದರಿಂದ ತಿಳಿಯಿತು.

ಇನ್ನೂ ಇದೆ. 2023ರ ಅಕ್ಟೋಬರ್ 5ರ ಬೆಳಿಗ್ಗೆ ಅದೇ ಕಟ್ಟಡದ ಕೆಳಗೆ ಸಾವಿರದ ಹತ್ತಿರ ಹಕ್ಕಿಗಳು ಸತ್ತು ಬಿದ್ದಿದ್ದವು. ಜಗತ್ತಿಗೆಲ್ಲ ಸುದ್ದಿಯಾಯಿತು. ಮುಂದಿನ ವರ್ಷ ಗಾಜಿಗೆ ಚುಕ್ಕಿಗಳಿರುವ ಫಿಲ್ಮ್ ಅಂಟಿಸಿದರು. ಸಾವು ಸುಮಾರು ಶೇ. 95ರಷ್ಟು ಇಳಿಯಿತು. ಹೀಗೆ ಶೇಕಡಾ ಇಷ್ಟು ಇಳಿಯಿತು ಅಂತ ಹೇಳಲು ಆದದ್ದು ಯಾಕೆ ಹೇಳು? ಹಳೆಯ ಲೆಕ್ಕವನ್ನು ಒಬ್ಬರು ಬೆಳಿಗ್ಗೆ ಬೆಳಿಗ್ಗೆ ನಡೆದು ಬರೆದಿಟ್ಟಿದ್ದರು.

ಈಗ ನಿನ್ನ ಲೈಬ್ರರಿಗೆ ಬರೋಣ. ಒಂದು ತಿಂಗಳು ದಿನಾ ಒಂದೇ ಹೊತ್ತಿಗೆ ಆ ಗೋಡೆಯ ಸುತ್ತ ನಡಿ. ಬೆಳಗಿನ ಹೊತ್ತೇ ಒಳ್ಳೆಯದು, ಬಡಿಯುವುದು ಆಗಲೇ ಜಾಸ್ತಿ. ತಾರೀಖು, ಗಂಟೆ, ಮೋಡವೋ ಬಿಸಿಲೋ, ಯಾವ ಹಕ್ಕಿ, ಗೋಡೆಯ ಯಾವ ಭಾಗದ ಕೆಳಗೆ, ಎದುರಿಗೆ ಮರವಿದೆಯೋ ಬಯಲೋ, ಎಲ್ಲ ಬರೆ. ಪಕ್ಕದಲ್ಲಿ ಪೆನ್ನು ಇಟ್ಟು ಫೋಟೊ ತೆಗೆ, ಅಳತೆ ಗೊತ್ತಾಗುತ್ತದೆ. ಬರಿಗೈಯಲ್ಲಿ ಮಾತ್ರ ಇನ್ನು ಮುಟ್ಟಬೇಡ. ಏನೂ ಸಿಗದ ದಿನ "ಸೊನ್ನೆ" ಅಂತ ಬರೆ. ಈ ಸೊನ್ನೆಗಳನ್ನು ಹೊಸಬರು ಬಿಟ್ಟುಬಿಡುತ್ತಾರೆ. ಆಮೇಲೆ ಯಾರಾದರೂ "ನೀನು ಸಿಕ್ಕ ದಿನ ಮಾತ್ರ ಲೆಕ್ಕ ಹಾಕಿದ್ದೀಯ" ಅಂದರೆ ಬಾಯಿ ಕಟ್ಟುತ್ತದೆ. ಹಕ್ಕಿ ನೋಡುವವಳು ನೀನು, ಇದು ನಿನಗೆ ಹೊಸದೇನಲ್ಲ. ಕಂಡ ಹಕ್ಕಿಗಳನ್ನು ದಾಖಲಿಸುವ ಇಬರ್ಡ್ ಜಾಲತಾಣದಲ್ಲಿ ಪಟ್ಟಿ ಹಾಕುವಾಗ ಎಷ್ಟು ಹೊತ್ತು ನೋಡಿದೆ, ಎಷ್ಟು ದೂರ ನಡೆದೆ, ಗುರುತಿಸಿದ್ದನ್ನೆಲ್ಲ ಸೇರಿಸಿದ್ದೀಯಾ ಅಂತ ಕೇಳುತ್ತಾರಲ್ಲ, ಅದೇ ಶಿಸ್ತು.

ಹಕ್ಕಿ ನೋಡುವಾಗ ಬರೆಯುವ ನೋಟ್‌ಬುಕ್ಕಿನಲ್ಲಿ ಇನ್ನೊಂದು ಅಭ್ಯಾಸವೂ ನಿನಗೆ ಈಗಾಗಲೇ ಇದೆ. ನೋಡಿದ್ದನ್ನು ಬೇರೆ, ಊಹಿಸಿದ್ದನ್ನು ಬೇರೆ ಬರೆಯುವುದು. ಕೊಕ್ಕು ಕಂಡಿತು, ಬಾಲ ಕಾಣಲಿಲ್ಲ, ಬಹುಶಃ ಇಂಥ ಹಕ್ಕಿ ಅಂತ ಬರೆಯುತ್ತೀಯ. ವರದಿಗಾರಿಕೆಯಲ್ಲಿ ಇದಕ್ಕಿಂತ ದೊಡ್ಡ ಪಾಠ ನನಗೆ ಗೊತ್ತಿಲ್ಲ. ಸತ್ತ ಹಕ್ಕಿ ಗಾಜಿನ ಕೆಳಗೆ ಬಿದ್ದಿದೆ, ಇದು ನೋಡಿದ್ದು. ಗಾಜಿಗೆ ಬಡಿದು ಸತ್ತಿದೆ, ಇದು ಊಹೆ. ಗಾಜಿನ ಮೇಲೆ ಪುಡಿ ಮೆತ್ತಿದಂಥ ಗುರುತು ಇದೆಯಾ? ಗರಿ ಅಂಟಿದೆಯಾ? ಬಡಿಯುವುದನ್ನು ಕಣ್ಣಾರೆ ನೋಡಿದವರು ಇದ್ದಾರಾ? ಒಂದೊಂದೂ ಸಿಕ್ಕಂತೆ ಊಹೆ ಗಟ್ಟಿಯಾಗುತ್ತದೆ.

ಕೇಳಬೇಕಾದವರಲ್ಲಿ ಮೊದಲನೆಯವರು ಆ ಜಾಗ ಗುಡಿಸುವವರು. ನೀನು ಬರುವ ಮೊದಲೇ ಎಷ್ಟೋ ಹಕ್ಕಿಗಳನ್ನು ಅವರು ಗುಡಿಸಿ ಹಾಕಿರುತ್ತಾರೆ. ಬೆಕ್ಕು, ಕಾಗೆ ಹೊತ್ತೊಯ್ದದ್ದು ಬೇರೆ. ಹಾಗಾಗಿ ನಿನ್ನ ಲೆಕ್ಕ ನಿಜಕ್ಕಿಂತ ಕಡಿಮೆಯೇ ಇರುತ್ತದೆ, ಅದನ್ನೂ ವರದಿಯಲ್ಲಿ ಹೇಳು. ಆಮೇಲೆ ಲೈಬ್ರರಿಯವರು, ಕಟ್ಟಡದ ನಿರ್ವಹಣೆ ನೋಡುವವರು, ಹಕ್ಕಿಗಳ ಬಗ್ಗೆ ಓದಿಕೊಂಡ ಅಧ್ಯಾಪಕರು. ಕೊನೆಗೆ ಕಾಲೇಜಿನ ಆಡಳಿತ. ಅವರ ಹತ್ತಿರ ಹೋಗುವಾಗ ಪೂರ್ತಿ ಲೆಕ್ಕ ಕೈಯಲ್ಲಿರಲಿ. ಪ್ರಶ್ನೆಗಳನ್ನು ಬರೆದು ಕೊಡು. ಉತ್ತರಕ್ಕೆ ಸಾಕಷ್ಟು ದಿನ ಬಿಡು. ಸಂಜೆ ಐದಕ್ಕೆ ಕೇಳಿ ಆರಕ್ಕೆ ಪುಟ ಮುಗಿಸಿ "ಪ್ರತಿಕ್ರಿಯೆ ಸಿಗಲಿಲ್ಲ" ಅಂತ ಹಾಕುವುದು ಮೋಸ.

ಹಕ್ಕಿ ಯಾಕೆ ಬಡಿಯುತ್ತದೆ ಅನ್ನುವುದನ್ನು ಓದುಗರಿಗೆ ಎರಡು ಸಾಲಿನಲ್ಲಿ ಹೇಳು. ಗಾಜಿನಲ್ಲಿ ಮರ, ಆಕಾಶ ಪ್ರತಿಫಲಿಸಿದರೆ ಹಕ್ಕಿ ಅದನ್ನು ನಿಜ ಅಂದುಕೊಳ್ಳುತ್ತದೆ. ರಾತ್ರಿ ಉರಿಯುವ ದೀಪ ವಲಸೆ ಹಕ್ಕಿಗಳನ್ನು ಎಳೆಯುತ್ತದೆ. ಹೆದರಿಸಲು ಒಂದು ಗಿಡುಗದ ಚಿತ್ರ ಅಂಟಿಸಿದರೆ ಸಾಲದು, ಗಾಜಿನ ಹೊರಮೈ ತುಂಬ ಐದು ಸೆಂಟಿಮೀಟರಿಗೊಂದು ಚುಕ್ಕಿಯೋ ಗೆರೆಯೋ ಬೇಕು. ಇದನ್ನು ಬರೆದರೆ ನಿನ್ನ ವರದಿ ದೂರು ಹೇಳಿ ಸುಮ್ಮನಾಗುವುದಿಲ್ಲ, ಏನು ಮಾಡಬಹುದು ಅಂತಲೂ ತೋರಿಸುತ್ತದೆ. ಅಂಕಿ ಹುಡುಕುವಾಗ ನಿನಗೆ 2014ರ ಒಂದು ಅಂದಾಜು ಸಿಗುತ್ತದೆ: ಅಮೆರಿಕದಲ್ಲಿ ಕಟ್ಟಡಗಳಿಗೆ ಬಡಿದು ವರ್ಷಕ್ಕೆ 36.5 ಕೋಟಿಯಿಂದ 98.8 ಕೋಟಿ ಹಕ್ಕಿಗಳು ಸಾಯುತ್ತವೆ ಅಂತ. ಬಳಸುವುದಾದರೆ ಎರಡೂ ತುದಿ ಹೇಳು. ನೂರು ಕೋಟಿ ಅಂತ ದೊಡ್ಡದನ್ನಷ್ಟೇ ಎತ್ತಿಕೊಳ್ಳಬೇಡ. ಅದು ಆ ದೇಶದ ಅಂದಾಜು ಅಂತಲೂ ಬರೆ. ನಿನ್ನ ಗೋಡೆಯ ಲೆಕ್ಕಕ್ಕೂ ಅದಕ್ಕೂ ಗಂಟು ಹಾಕಬೇಡ.

ಇನ್ನು ಸಮಾರಂಭದ ವರದಿ. ಅದನ್ನು ಬೇಸರದಿಂದ ಬರೆಯಬೇಡ ಅಂತ ಕೇಳಿಕೊಳ್ಳುತ್ತೇನೆ. ನಾನು ಕಲಿತ ಅತಿ ಮುಖ್ಯ ಪಾಠ ಅಂಥದ್ದೇ ಒಂದು ವರದಿಯಿಂದ ಬಂತು.

ಎರಡನೇ ವರ್ಷದಲ್ಲಿದ್ದೆ. ಕ್ರೀಡಾಕೂಟದ ಬಹುಮಾನಗಳ ಪಟ್ಟಿ ನನ್ನ ಕೈಗೆ ಬಂತು. ಒಂದೇ ಹೆಸರಿನ ಇಬ್ಬರು ಹುಡುಗಿಯರು ಇದ್ದರು, ಇನಿಶಿಯಲ್ ಮಾತ್ರ ಬೇರೆ. ಗೆದ್ದವಳ ಜಾಗದಲ್ಲಿ ಇನ್ನೊಬ್ಬಳ ಇನಿಶಿಯಲ್ ಹಾಕಿದೆ. ಪತ್ರಿಕೆ ಬಂದ ಮರುದಿನ ಗೆದ್ದವಳು ನನ್ನ ಬೆಂಚಿನ ಹತ್ತಿರ ಬಂದಳು. ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಹಿಡಿದಿದ್ದಳು. ನನ್ನ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಳು. ಬೈಯಲಿಲ್ಲ. "ಮನೆಯಲ್ಲಿ ಇದನ್ನು ಕತ್ತರಿಸಿ ಇಟ್ಟುಕೊಳ್ಳಬೇಕು ಅಂತಿದ್ದರು" ಅಂದಳು, ಅಷ್ಟೇ. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಿದೆವು. ಮೂಲೆಯಲ್ಲಿ ಬಂದ ಆ ಎರಡು ಸಾಲನ್ನು ಯಾರು ಕತ್ತರಿಸಿ ಇಟ್ಟುಕೊಳ್ಳುತ್ತಾರೆ?

ಅವತ್ತಿನಿಂದ ಯಾರ ಹೆಸರನ್ನೂ ನಾನು ಕೇಳಿ ಬರೆದುಕೊಂಡಿಲ್ಲ. ನೋಟ್‌ಬುಕ್ಕನ್ನು ಅವರ ಕೈಗೇ ಕೊಟ್ಟು ಅವರಿಂದಲೇ ಬರೆಸುತ್ತೇನೆ. ಈಗಲೂ ಹಾಗೆಯೇ.

ದೊಡ್ಡ ಪತ್ರಿಕೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಇಂಥ ಮುಖಾಮುಖಿ ಕಡಿಮೆಯಾಗುತ್ತದೆ. ನೀನು ಬರೆದವರು ಎಲ್ಲೋ ಇರುತ್ತಾರೆ, ನೀನು ಎಲ್ಲೋ. ಕಾಲೇಜಿನಲ್ಲಿ ಹಾಗಲ್ಲ. ಇವತ್ತು ಬರೆದವರನ್ನು ನಾಳೆ ಮೆಟ್ಟಿಲ ಮೇಲೆ ನೋಡಲೇಬೇಕು. ಅದಕ್ಕೇ ಕಾಲೇಜು ಪತ್ರಿಕೆಯನ್ನು ಸಣ್ಣದು ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಒಂದು ಅಕ್ಷರ ತಪ್ಪಿದರೆ ಯಾರ ಮುಖ ಹೇಗಾಗುತ್ತದೆ ಅಂತ ಇಷ್ಟು ಹತ್ತಿರದಿಂದ ಇನ್ನೆಲ್ಲೂ ನೋಡಲು ಸಿಗುವುದಿಲ್ಲ.

ಸಣ್ಣದು ಅಂತ ಅನ್ನಿಸಿದಾಗ ಸ್ಟ್ಯಾನ್‌ಫರ್ಡ್ ಡೈಲಿ ನೆನಪಿಸಿಕೋ. ಅದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೇ ನಡೆಸುವ ಪತ್ರಿಕೆ. 2022ರ ನವೆಂಬರಿನಲ್ಲಿ ಥಿಯೋ ಬೇಕರ್ ಅನ್ನುವ ಮೊದಲ ವರ್ಷದ ವಿದ್ಯಾರ್ಥಿ ಅದರಲ್ಲಿ ಒಂದು ವರದಿ ಬರೆದ. ವಿಶ್ವವಿದ್ಯಾಲಯದ ಅಧ್ಯಕ್ಷರೇ ಸಹಲೇಖಕರಾಗಿದ್ದ ಸಂಶೋಧನಾ ಲೇಖನಗಳ ಚಿತ್ರಗಳು ತಿದ್ದಿದಂತಿವೆ ಅನ್ನುವ ಅನುಮಾನದ ಬಗ್ಗೆ. ತನಿಖೆ ನಡೆಯಿತು. ಅಧ್ಯಕ್ಷರು ತಾವೇ ತಿದ್ದಿದ್ದಕ್ಕೆ ಆಧಾರ ಸಿಗಲಿಲ್ಲ, ಆದರೆ ತಪ್ಪು ಗೊತ್ತಾದ ಮೇಲೂ ಸರಿಪಡಿಸಲು ಸಾಕಷ್ಟು ಪ್ರಯತ್ನ ಮಾಡಲಿಲ್ಲ ಅಂತ ತನಿಖಾ ಸಮಿತಿ ಹೇಳಿತು. 2023ರ ಜುಲೈ 19ರಂದು ಅವರು ಹುದ್ದೆ ಬಿಡುವುದಾಗಿ ಪ್ರಕಟಿಸಿದರು. ಈ ವರದಿಗಾರಿಕೆಗೆ ಬೇಕರ್‌ಗೆ ಪತ್ರಕರ್ತರಿಗೆ ಕೊಡುವ ಜಾರ್ಜ್ ಪೋಕ್ ಪ್ರಶಸ್ತಿಯೂ ಬಂತು. ಈ ಕಥೆಯಲ್ಲಿ ಪ್ರಶಸ್ತಿಗಿಂತ ನೀನು ಗಮನಿಸಬೇಕಾದದ್ದು ಆ ವ್ಯತ್ಯಾಸ. ಸಮಿತಿ ಏನು ಹೇಳಿತು, ಏನು ಹೇಳಲಿಲ್ಲ ಅನ್ನುವುದನ್ನು ಬೇರೆ ಬೇರೆಯಾಗಿ ಬರೆಯುವುದು. ನಿನ್ನ ನೋಟ್‌ಬುಕ್ಕಿನ ಆ ಎರಡು ಕಾಲಂ ಇದಕ್ಕೂ ಬೇಕು.

ಒಂದು ಎಚ್ಚರಿಕೆ ಹೇಳದೆ ಇರಲಾರೆ. ಪ್ರೀತಿ ಇರುವ ಕಡೆ ಪಕ್ಷಪಾತವೂ ಬರುತ್ತದೆ. ನೀನು ಪಕ್ಷಿ ವೀಕ್ಷಕರ ಸಂಘದಲ್ಲಿ ಇದ್ದೀಯ. ಹಾಗಿರುವಾಗ ಆ ಸಂಘದ ಚುನಾವಣೆಯನ್ನೋ ಹಣದ ತಕರಾರನ್ನೋ ನೀನು ವರದಿ ಮಾಡಬಾರದು, ಬೇರೆಯವರಿಗೆ ಬಿಡು. ಈ ಗಾಜಿನ ವರದಿಯಲ್ಲೂ "ವರದಿಗಾರ್ತಿ ಸಂಘದ ಸದಸ್ಯೆ" ಅಂತ ಒಂದು ಸಾಲು ಇರಲಿ. ಹಕ್ಕಿ ಅಂದರೆ ಆಸಕ್ತಿಯೇ ಇಲ್ಲದ ಗೆಳೆಯರೊಬ್ಬರಿಗೆ ಕೊಟ್ಟು ಓದಿಸು. ಅವರು "ಇಷ್ಟು ಕೋಪ ಯಾಕೆ" ಅಂದ ಕಡೆ ಮತ್ತೆ ನೋಡು. ಸಾಮಾನ್ಯವಾಗಿ ಅಲ್ಲಿ ಒಂದು ವಿಶೇಷಣ ಜಾಸ್ತಿ ಇರುತ್ತದೆ, ಒಂದು ಅಂಕಿ ಕಡಿಮೆ ಇರುತ್ತದೆ.

ಕ್ಯಾಂಪಸ್ ರೇಡಿಯೊಗೂ ಕರೆಯುತ್ತಿದ್ದಾರೆ ಅಂದೆಯಲ್ಲ, ಹೋಗು. ನಿನ್ನ ವಾಕ್ಯಗಳು ಸ್ವಲ್ಪ ಉದ್ದ. ಮೈಕಿನ ಮುಂದೆ ಓದಿದರೆ ಉಸಿರು ಎಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ತಾನಾಗಿ ತಿಳಿಯುತ್ತದೆ.

ವರದಿ ಅಚ್ಚಾದ ಮೇಲೆ ಏನೂ ಆಗದೆ ಇರಬಹುದು. ಗಾಜು ಹಾಗೇ ಇರಬಹುದು. ಕೆಲವರಿಗೆ ನಿನ್ನ ಮೇಲೆ ಮುನಿಸು ಬರಬಹುದು. ಆಗಲೂ ಎಣಿಸುವುದನ್ನು ಬಿಡಬೇಡ. ಮುಂದಿನ ವರ್ಷ ನಿನ್ನ ಜಾಗಕ್ಕೆ ಬರುವವರಿಗೆ ಆ ನೋಟ್‌ಬುಕ್ ಕೊಟ್ಟು ಹೋಗು.

ನಾಳೆ ಬೆಳಿಗ್ಗೆ ದುರ್ಬೀನು ಕೊರಳಿಗೆ ಹಾಕಿಕೊಂಡು ಹೊರಟಾಗ ಮೊದಲು ಲೈಬ್ರರಿ ಕಡೆ ಹೋಗು. ಗುಡಿಸುವವರು ಬಂದಿದ್ದರೆ ಪೊರಕೆ ಇಡುವವರೆಗೆ ಕಾದು ಮಾತನಾಡಿಸು. ಅವರ ಹೆಸರನ್ನೂ ಅವರನ್ನೇ ಕೇಳು. ಬರೆಯಲು ಬರುತ್ತದೆ ಅಂದರೆ ಅವರ ಕೈಯಲ್ಲೇ ಬರೆಸು. ಬರುವುದಿಲ್ಲ ಅಂದರೆ ನೀನು ಬರೆದು, ಜೋರಾಗಿ ಓದಿ ಹೇಳಿ, ಸರಿಯಾ ಅಂತ ಕೇಳು.

ಮೊದಲ ವಾರದ ಲೆಕ್ಕ ನನಗೂ ಕಳಿಸು. ಸೊನ್ನೆಗಳನ್ನೂ ಸೇರಿಸಿ.

ಪ್ರೀತಿಯಿಂದ,
ನಿನ್ನ ಅಕ್ಕ