ನನ್ನ ಪಿಎಚ್‌ಡಿ ಮುಗಿಯಿತು, ಇದು ತುಮಕೂರು ಜಿಲ್ಲೆಯವರಿಗೆ

ಕಳೆದ ವಾರ ದೆಹಲಿಯಲ್ಲಿ ನನ್ನ ವೈವಾ (ಪ್ರಬಂಧದ ಮೌಖಿಕ ಪರೀಕ್ಷೆ) ಮುಗಿಯಿತು. ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ (ಜೆಎನ್‌ಯು) ಸಾಮಾಜಿಕ ವೈದ್ಯಕೀಯ ಮತ್ತು ಸಮುದಾಯ ಆರೋಗ್ಯ ಕೇಂದ್ರದಲ್ಲಿ ಪಿಎಚ್‌ಡಿ ಮಾಡಿದೆ. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಟಿಬಿ ಬಂದವರು ಮತ್ತು ಅವರನ್ನು ನೋಡಿಕೊಳ್ಳುವವರ ಬಗ್ಗೆ. ಶುಭ ಹಾರೈಸಿದ ಎಲ್ಲರಿಗೂ ವಂದನೆ. ಆದರೆ ಈ ಕೆಲಸದಲ್ಲಿ ಹೆಚ್ಚಿನ ಪಾಲು ಇರುವವರು ಬೇರೆಯವರು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

"ಡಾಕ್ಟರ್ ಓದದೆ ಕಾಯಿಲೆ ಬಗ್ಗೆ ಏನು ಓದ್ತೀಯಾ?" ಅಂತ ಊರಲ್ಲಿ ತುಂಬಾ ಜನ ಕೇಳಿದ್ದರು. ಅದಕ್ಕೆ ಉತ್ತರ ನನ್ನ ಗೈಡ್ ಕೊಟ್ಟ ಒಂದು ಹಳೆಯ ಲೇಖನದಲ್ಲಿತ್ತು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅಲ್ಲಿದ್ದ ಡಾ. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳ ರೋಗಿಗಳ ಅಧ್ಯಯನ ಮಾಡಿ 1963ರಲ್ಲಿ ಪ್ರಕಟಿಸಿದ ಲೇಖನ ಅದು. ಹಳ್ಳಿಯವರಿಗೆ ಕಾಯಿಲೆಯ ಅರಿವಿಲ್ಲ, ಅವರು ಆಸ್ಪತ್ರೆ ಕಡೆ ಬರುವುದಿಲ್ಲ ಅಂತ ಆಗ ತುಂಬಾ ಜನ ನಂಬಿದ್ದರು. ಅಧ್ಯಯನದಲ್ಲಿ ಕಂಡದ್ದೇ ಬೇರೆ. ಬಹುಪಾಲು ರೋಗಿಗಳಿಗೆ ತಮ್ಮ ಮೈಯಲ್ಲಿ ಏನೋ ಸರಿ ಇಲ್ಲ ಎಂದು ಗೊತ್ತಿತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಚಿಕಿತ್ಸೆ ಕೇಳಿಕೊಂಡು ಹೋಗಿಯೂ ಇದ್ದರು. ಅಲ್ಲಿ ಅವರಿಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಬರೀ ಕೆಮ್ಮಿನ ಔಷಧಿ. ಟಿಬಿ ಚಿಕಿತ್ಸೆ ಹತ್ತಿರದ ಸಾಮಾನ್ಯ ಆಸ್ಪತ್ರೆಯಲ್ಲೇ ಸಿಗಬೇಕು ಎನ್ನುವ ವಾದಕ್ಕೆ ಈ ಅಧ್ಯಯನ ಬಲ ಕೊಟ್ಟಿತು. ಮುಂದೆ ಜೆಎನ್‌ಯುನಲ್ಲಿ ನಾನು ಓದಿದ ಕೇಂದ್ರವನ್ನು ಕಟ್ಟಿದವರೂ ಬ್ಯಾನರ್ಜಿಯವರೇ. ನಮ್ಮ ಜಿಲ್ಲೆಯ ಜನ ಹೇಳಿದ ಮಾತಿಗೆ ಇಷ್ಟು ತೂಕ ಇದೆಯಲ್ಲ ಅಂತ ನನಗೆ ಆದ ಹೆಮ್ಮೆ ಅಷ್ಟಿಷ್ಟಲ್ಲ.

ರೋಗಿ ಯಾಕೆ ಬರಲಿಲ್ಲ ಅಂತ ಕೇಳುವ ಮೊದಲು, ಬಂದಾಗ ಏನಾಯಿತು ಅಂತ ಕೇಳಬೇಕು. ಗೈಡ್ ಮೇಡಂ ನನಗೆ ಕಲಿಸಿದ್ದು ಇದನ್ನೇ. ಮೇಡಂ, ನಿಮಗೆ ನಾನು ಋಣಿ.

ಶಿರಾ, ಪಾವಗಡ ಕಡೆಯ ಹಳ್ಳಿಗಳಲ್ಲಿ ನನ್ನನ್ನು ಕೂರಿಸಿಕೊಂಡು ಮಾತಾಡಿದ ಅಣ್ಣಂದಿರೇ, ಅಮ್ಮಂದಿರೇ, ಹೆಸರು ಬರೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಆರು ತಿಂಗಳು ಮಾತ್ರೆ ನುಂಗುವುದು ಅಂದರೆ ಏನು ಅಂತ ನೀವು ಹೇಳಿಕೊಟ್ಟಿರಿ. ಮಾತ್ರೆ ಶುರುವಾದ ಮೇಲೆ ಮೂತ್ರ ಕೆಂಪಗಾಗುತ್ತದೆ. ರಿಫಾಂಪಿಸಿನ್ ಎನ್ನುವ ಟಿಬಿ ಔಷಧಿ ತಗೊಂಡರೆ ಹಾಗಾಗುವುದು ಸಹಜ. ಅದನ್ನು ಯಾರೂ ಮೊದಲೇ ಹೇಳದಿದ್ದರೆ ಹೆದರಿ ಮಾತ್ರೆ ಬಿಡುವುದೂ ಸಹಜ, ಅಲ್ವಾ? ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋದವರಿಗೆ ಮೇಸ್ತ್ರಿಗೆ ಗೊತ್ತಾದರೆ ಕೂಲಿ ಹೋಗುತ್ತೆ ಎನ್ನುವ ಭಯ. ಕಾಗದದ ಮೇಲೆ ಇವರೆಲ್ಲ 'ಚಿಕಿತ್ಸೆ ಅರ್ಧಕ್ಕೆ ಬಿಟ್ಟವರು'. ಆ ಮಾತು ನನಗೆ ಈಗಲೂ ಸಿಟ್ಟು ತರಿಸುತ್ತದೆ.

ಇನ್ನೊಂದು ವಿಷಯ ಹೇಳಲೇಬೇಕು. ಗಂಡನಿಗೆ ಟಿಬಿ ಬಂದರೆ ಹೆಂಡತಿ ನೋಡಿಕೊಳ್ಳುತ್ತಾಳೆ. ಹೆಂಡತಿಗೆ ಬಂದರೆ ತವರಿಗೆ ಕಳಿಸುತ್ತಾರೆ. ಎಲ್ಲ ಮನೆಯಲ್ಲೂ ಹೀಗೆ ಅಂತಲ್ಲ, ಆದರೆ ನಾನು ಹೋದ ಹಳ್ಳಿಗಳಲ್ಲಿ ಮತ್ತೆ ಮತ್ತೆ ಕಂಡೆ. ತವರಿಗೆ ಬಂದ ಮಗಳನ್ನು ವಯಸ್ಸಾದ ತಾಯಿ ಕೂಲಿ ಮಾಡಿ ಸಾಕುತ್ತಾಳೆ. ಪೌಷ್ಟಿಕ ಆಹಾರಕ್ಕೆ ಅಂತ ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರ್‌ನಿಂದ ಅದು 1000 ಆಗಿದೆ. ಅದು ರೋಗಿಗೆ. ಆರೈಕೆ ಮಾಡುವ ತಾಯಿಯ ಕೂಲಿ ತಪ್ಪಿದ್ದಕ್ಕೆ ಲೆಕ್ಕವೇ ಇಲ್ಲ. ನನ್ನ ಪ್ರಬಂಧದ ಅತಿ ಉದ್ದದ ಅಧ್ಯಾಯ ಈ ತಾಯಂದಿರದ್ದು.

ಆಶಾ ಅಕ್ಕಂದಿರೇ, ನೀವಿಲ್ಲದೆ ಯಾವ ಬಾಗಿಲೂ ನನಗೆ ತೆರೆಯುತ್ತಿರಲಿಲ್ಲ. ಅಕ್ಕಪಕ್ಕದವರಿಗೆ ಕಾಯಿಲೆ ತಿಳಿಯಬಾರದು ಅಂತ ಸಮವಸ್ತ್ರ ಬಿಟ್ಟು ಮನೆಯ ಸೀರೆಯಲ್ಲೇ, ಸುಮ್ನೆ ಮಾತಾಡಿಸಲು ಬಂದವರ ಹಾಗೆ ಹೋಗಿ ಮಾತ್ರೆ ಕೊಡುತ್ತಿದ್ದಿರಿ. ಇದನ್ನು ನಿಮಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

ಹಾಸ್ಟೆಲ್ ಗೆಳತಿಯರಿಗೆ, ಕೈಯಲ್ಲಿ ದುಡ್ಡಿಲ್ಲದ ತಿಂಗಳುಗಳಲ್ಲಿ ಕೇಳದೆಯೇ ಕಳಿಸಿದ ಅಕ್ಕನಿಗೆ, ಅಮ್ಮನಿಗೆ, ತುಂಬಾ ಪ್ರೀತಿ.

ಪ್ರಬಂಧದ ಮುಖ್ಯ ಭಾಗಗಳನ್ನು ಈಗ ಕನ್ನಡಕ್ಕೆ ತರುತ್ತಿದ್ದೇನೆ. ಯುಗಾದಿಗೆ ಊರಿಗೆ ಬಂದಾಗ ನಿಮ್ಮ ನಿಮ್ಮ ಹಳ್ಳಿಗೇ ಬಂದು ಓದಿ ಹೇಳುತ್ತೇನೆ. ಯಾವುದಾದರೂ ಮಾತು ಸರಿ ಕಾಣದಿದ್ದರೆ ಅಲ್ಲೇ ಹೇಳಿ, ತಿದ್ದಿ ಆಮೇಲೆ ಅಚ್ಚಿಗೆ ಕೊಡೋಣ.