ಕಂಬಳಿ ಕೊಡೋರು ಇದ್ದಾರೆ, ಸಂಬಳ ಕೊಡೋರಿಲ್ಲ

ಸಂಪಾದಕರಿಗೆ ನಮಸ್ಕಾರ,

ಹಳೇ ದಾವಣಗೆರೆ ಕಡೆ, ಮಂಡಕ್ಕಿ ಭಟ್ಟಿಗಳಿರೋ ಏರಿಯಾದ ಹತ್ರ ಒಂದು ಸಣ್ಣ ಸೇವಾ ಸಂಸ್ಥೆ ಐತೆ, ಹೆಸರು ಬರೆಯಲ್ಲ, ಅವ್ರಿಗೇ ಅದು ಇಷ್ಟ ಇಲ್ಲ. ಬಾಡಿಗೆ ರೂಮು, ಹಳೇ ಕಂಪ್ಯೂಟರು, ಆಗಾಗ ಕೈ ಕೊಡೋ ಒಂದು ಪ್ರಿಂಟರು, ಸಂಬಳಕ್ಕೆ ಅಂತ ಇರೋದು ಒಬ್ಳೇ ಹುಡುಗಿ. ಭಟ್ಟಿ ಕೆಲಸದೋರು, ಬೀಡಿ ಕಟ್ಟೋರು, ಎಪಿಎಂಸಿ ಹಮಾಲರು, ಜಗಳೂರು ಹರಪನಹಳ್ಳಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದೋರು, ಎಲ್ರೂ ಅಲ್ಲಿಗೇ ಬರ್ತಾರೆ. ಆ ಹುಡುಗಿ ಒಬ್ರ ಹತ್ರ ಉರ್ದು, ಇನ್ನೊಬ್ರ ಹತ್ರ ಲಂಬಾಣಿ, ಬ್ಯಾಂಕಿಗೆ ಫೋನ್ ಹಚ್ಚಿದ್ರೆ ಜೋರು ಕನ್ನಡ!

ಅಲ್ಲಿ ಏನ್ ದೊಡ್ಡ ಕೆಲಸ ಆಗುತ್ತೆ ಅಂತ ಕೇಳೋರಿಗೆ ಹೇಳ್ತೀನಿ. ಬೀಡಿ ಕಟ್ಟೋ ಒಬ್ಬ ಅಜ್ಜಿ ಬಂದಿದ್ರು, ಎಲೆ ಮಡಚಿ ಮಡಚಿ ಹೆಬ್ಬೆಟ್ಟಿನ ಗೆರೆನೇ ಸವೆದೋಗಿತ್ತು, ಉಗುರ ಸಂದಿಲಿ ತಂಬಾಕಿನ ಪುಡಿ. ರೇಷನ್ ಕಾರ್ಡಿನ ಇಕೆವೈಸಿ, ಅಂದ್ರೆ ಆಧಾರ್ ಮೂಲಕ ಗುರುತು ಖಾತ್ರಿ, ಮಾಡಿಸೋಕೆ ಹೋದ್ರೆ ಮಷಿನ್ನು ಬೆರಳು ತಗೊಳ್ಳಲ್ಲ, ಒದ್ದೆ ಬಟ್ಟೆಲಿ ಒರೆಸಿದ್ರು, ತಲೆಗೂದಲಿಗೆ ತಿಕ್ಕಿ ಮತ್ತೆ ಇಟ್ರು, ಆಗ್ಲಿಲ್ಲ, ನಾಳೆ ಬಾರಮ್ಮ ಅಂತ ಕಳ್ಸಿದಾರೆ. ಬೆರಳು ಬರ್ದಿದ್ರೆ ಕಣ್ಣಿನ ಸ್ಕ್ಯಾನ್ ಮಾಡ್ಬೋದು ಅಂತ ಆ ಅಜ್ಜಿಗೆ ಯಾರೂ ಹೇಳಿರ್ಲಿಲ್ಲ. ಈ ಹುಡುಗಿ ಜೊತೆಗೆ ಹೋಗಿ ಕೇಳಿ ಮಾಡಿಸಿದ್ಳು, ಅಷ್ಟೇ.

ಪಿಂಚಣಿದೂ ಹಂಗೇ. ಸಂಧ್ಯಾ ಸುರಕ್ಷಾ 1200 ರೂಪಾಯಿ, ಗೃಹಲಕ್ಷ್ಮಿ 2000 ರೂಪಾಯಿ, ಆಫೀಸಲ್ಲಿ ಕೇಳಿದ್ರೆ ಹಾಕಿದೀವಿ ಅಂತಾರೆ, ಇವ್ರ ಪಾಸ್‌ಬುಕ್ಕಲ್ಲಿ ಇರಲ್ಲ. ಆಧಾರ್‌ಗೆ ಕೊನೇಗೆ ಯಾವ ಬ್ಯಾಂಕ್ ಲಿಂಕ್ ಆಗಿರುತ್ತೋ ದುಡ್ಡು ಅಲ್ಲಿಗೆ ಹೋಗಿ ಬೀಳುತ್ತೆ, ಯಾವಾಗಲೋ ಸಂಘದ ಸಾಲಕ್ಕೆ ಅಂತ ಇನ್ನೊಂದು ಬ್ಯಾಂಕಲ್ಲಿ ಖಾತೆ ಮಾಡಿಸಿರ್ತಾರೆ, ಅದು ನೆನಪೇ ಇರಲ್ಲ. ಯಾವ ಆಧಾರ್‌ಗೆ ಯಾವ ಬ್ಯಾಂಕ್ ಅನ್ನೋ ದಾಖಲೆಗೆ ಎನ್‌ಪಿಸಿಐ ಮ್ಯಾಪಿಂಗ್ ಅಂತಾರೆ, ಅದನ್ನ ನೋಡಿ ಯಾವ ಬ್ಯಾಂಕು ಅಂತ ಹೇಳಿದ್ರೆ ಅರ್ಧ ಜನದ ಸಮಸ್ಯೆ ಅಲ್ಲಿಗೇ ಮುಗೀತು. ಗಂಡ ಹೊಡೀತಾನೆ, ವಕೀಲರಿಗೆ ಕೊಡೋಕೆ ದುಡ್ಡಿಲ್ಲ ಅನ್ನೋ ಹೆಣ್ಮಕ್ಳನ್ನ ಕೋರ್ಟಿನ ಕಾನೂನು ಸೇವಾ ಪ್ರಾಧಿಕಾರಕ್ಕೆ ಕರ್ಕೊಂಡು ಹೋಗ್ತಾರೆ, ಹೆಣ್ಮಕ್ಳಿಗೆ ಆದಾಯ ಎಷ್ಟೇ ಇರ್ಲಿ ಅಲ್ಲಿ ವಕೀಲರು ಫ್ರೀ, 1987ರ ಕಾಯ್ದೇಲೇ ಐತೆ. ಕಟ್ಟಡ ಕಾರ್ಮಿಕರಿಗೆ ಕಲ್ಯಾಣ ಮಂಡಳೀಲಿ ಹೆಸರು ನೋಂದಾಯಿಸೋಕೆ ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ದಾಖಲೆ ಬೇಕು, ಅದಕ್ಕೂ ಇವ್ರೇ ಓಡಾಡ್ತಾರೆ.

ಈಗ ವಿಷಯಕ್ಕೆ ಬರ್ತೀನಿ. ಆ ಹುಡುಗಿಗೆ ಸಂಬಳ ಕೊಡೋಕೆ ಸಂಸ್ಥೆ ಹತ್ರ ದುಡ್ಡಿಲ್ಲ, ಹಿಂಗೇ ಆದ್ರೆ ಬಿಟ್ಟು ಹೋಗ್ತಾಳೆ, ಹೋದ್ರೆ ತಪ್ಪೇನೂ ಇಲ್ಲ, ಅವ್ಳಿಗೂ ಮನೆ ಐತೆ. ನಮ್ಮೂರಲ್ಲಿ ದಾನಿಗಳಿಗೆ ಬರ ಇಲ್ಲ ನೋಡ್ರಿ, ದುಗ್ಗಮ್ಮನ ಜಾತ್ರೆಗೆ ಕೊಡ್ತಾರೆ, ಗಣಪತಿಗೆ ಕೊಡ್ತಾರೆ, ಈ ಸಂಸ್ಥೆಗೂ ಕಂಬಳಿ, ನೋಟ್‌ಬುಕ್ಕು ಕೊಟ್ಟು ಫೋಟೋ ಹೊಡೆಸ್ಕೊಂಡು ಹೋಗಿದಾರೆ. ಮೂಲೇಲಿ ಇನ್ನೂ ಕಂಬಳಿ ಬಂಡಲ್ ಬಿದ್ದೈತೆ. ಸಂಬಳಕ್ಕೆ ಕೊಡ್ರಿ ಅಂದ್ರೆ ಮಾತ್ರ ಮುಖ ಬೇರೆ ಕಡೆ ತಿರುಗುತ್ತೆ, ಸೇವೆಗೆ ಸಂಬಳ ಯಾಕೆ ಅಂತಾರೆ. ಸಮಾಜಸೇವೆ ಮಾಡೋರು ಗಾಳಿ ಕುಡ್ಕೊಂಡು ಬದುಕ್ಬೇಕಾ? ಕಂಪನಿಗಳು ಸಮಾಜಕ್ಕೆ ಅಂತ ಕೊಡೋ ಸಿಎಸ್‌ಆರ್ ದುಡ್ಡಿಗೆ ಹೋಗೋಣ ಅಂದ್ರೆ ಸಂಸ್ಥೆಗೆ ತೆರಿಗೆ ವಿನಾಯ್ತಿಯ 12ಎ, ದಾನಿಗಳಿಗೆ ತೆರಿಗೆ ವಿನಾಯ್ತಿಯ 80ಜಿ, ಮೇಲೆ ಆ ದುಡ್ಡು ಪಡೆಯೋಕೆ ಸಿಎಸ್‌ಆರ್-1 ನೋಂದಣಿ, ಆಡಿಟರ್ ಫೀಸಿಗೇ ಇವ್ರ ಬಾಡಿಗೆ ದುಡ್ಡು ಖರ್ಚಾಗುತ್ತೆ.

ಅದಕ್ಕೆ ನಮ್ಮೂರಿನ ವರ್ತಕರಿಗೆ, ದಲ್ಲಾಳಿ ಅಂಗಡಿಯೋರಿಗೆ, ಡಾಕ್ಟ್ರುಗಳಿಗೆ ಕೇಳೋದಿಷ್ಟೇ, ನಿಮ್ಮ ಏರಿಯಾದಲ್ಲಿ ಹಿಂಗೆ ಕೆಲಸ ಮಾಡೋ ಸಂಸ್ಥೆ ಇದ್ರೆ ಲೆಕ್ಕಪತ್ರ ತೋರಿಸ್ರಿ ಅಂತ ಧಾರಾಳವಾಗಿ ಕೇಳ್ರಿ, ಸರಿ ಇದ್ರೆ ನಾಲ್ಕೈದು ಜನ ಸೇರಿ ಒಬ್ರ ಒಂದು ವರ್ಷದ ಸಂಬಳ ಹೊತ್ಕೊಳ್ರಿ. ಪಾಲಿಕೆಯೋರು ಬೀಗ ಹಾಕಿರೋ ಸಮುದಾಯ ಭವನದಲ್ಲಿ ಒಂದು ರೂಮು ಕೊಟ್ರೆ ಬಾಡಿಗೆನೂ ಉಳಿಯುತ್ತೆ. ಇನ್ನೊಂದು, ಸಂಸ್ಥೆಗೆ 80ಜಿ ಇದ್ರೂ 2000 ರೂಪಾಯಿ ಮೇಲೆ ನಗದು ಕೊಟ್ರೆ ತೆರಿಗೆ ವಿನಾಯ್ತಿ ಸಿಗಲ್ಲ, ಚೆಕ್ ಇಲ್ಲಾ ಯುಪಿಐ ಮಾಡ್ರಿ, ಹೊಸ ತೆರಿಗೆ ಪದ್ಧತಿ ತಗೊಂಡೋರಿಗೆ ಹೆಂಗೂ ಆ ವಿನಾಯ್ತಿ ಇಲ್ಲ. ಕಂಬಳಿ ಮಾತ್ರ ಸದ್ಯಕ್ಕೆ ಬೇಡ.

ಇಂತಿ,
ನಿಮ್ಮ ಓದುಗ, ದಾವಣಗೆರೆ